ಹೆಸರು ಪ್ಲಿಮತ್, ಒಳಗೆಲ್ಲ ಮಿತ್ಸುಬಿಷಿ: ಲೇಸರ್ ರಿಪೇರಿಯ ನನ್ನ ಅನುಭವ

ನನ್ನ ಹತ್ತಿರ ಪ್ಲಿಮತ್ ಲೇಸರ್ ಇದೆ ಅಂದರೆ ಇಲ್ಲಿ ಅಮೆರಿಕದಲ್ಲೂ ಜಾಸ್ತಿ ಜನಕ್ಕೆ ಅದು ಯಾವ ಕಾರು ಅಂತ ಹೊಳೆಯುವುದಿಲ್ಲ. ‘ಮಿತ್ಸುಬಿಷಿ ಎಕ್ಲಿಪ್ಸ್ ಗೊತ್ತಲ್ವಾ? ಅದೇ’ ಅಂದರೆ ತಲೆಯಾಡಿಸುತ್ತಾರೆ. ಈಗಲ್ ಟ್ಯಾಲನ್ ಅಂತ ಇನ್ನೊಂದೂ ಇತ್ತು. ಅಳಿಯ ಅಲ್ಲ, ಮಗಳ ಗಂಡ ಅನ್ನುತ್ತಾರಲ್ಲ, ಹಾಗೆ ಮೂರೂ ಒಂದೇ. ಲೇಸರ್ ತಯಾರಾಗಿದ್ದು 1989ರಿಂದ 1994ರವರೆಗೆ ಮಾತ್ರ.

ಈ ಕಾರಿಗೆ ಸ್ಪ್ಯಾನರ್ ಹಿಡಿಯುವ ಮೊದಲು ಅದರ ಕಥೆ ತಿಳಿದಿರಬೇಕು. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. 1980ರ ದಶಕದಲ್ಲಿ ಜಪಾನಿನಿಂದ ಅಮೆರಿಕಕ್ಕೆ ಬರುವ ಕಾರುಗಳ ಸಂಖ್ಯೆಗೆ ಮಿತಿ ಇತ್ತು. ಅಮೆರಿಕದಲ್ಲೇ ತಯಾರಿಸಿದರೆ ಆ ಗೋಜಿಲ್ಲ. ಹಾಗಾಗಿ ಜಪಾನಿನ ಮಿತ್ಸುಬಿಷಿ ಮತ್ತು ಅಮೆರಿಕದ ಕ್ರೈಸ್ಲರ್ 1985ರಲ್ಲಿ ಅರ್ಧರ್ಧ ಪಾಲು ಹಾಕಿ ಡೈಮಂಡ್-ಸ್ಟಾರ್ ಮೋಟರ್ಸ್ ಶುರು ಮಾಡಿದವು. ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಲ್ಲಿ ಕಾರ್ಖಾನೆ ಎದ್ದಿತು. ಎಂಜಿನ್ನು, ಗೇರ್‌ಬಾಕ್ಸು ಎಲ್ಲ ಮಿತ್ಸುಬಿಷಿಯದು. ಪ್ಲಿಮತ್ ಕ್ರೈಸ್ಲರ್‌ನದೇ ಒಂದು ಬ್ರ್ಯಾಂಡಾಗಿತ್ತು; ಆ ಶೋರೂಮುಗಳಿಗೆ ಹೋದ ಕಾರಿಗೆ ಲೇಸರ್ ಅಂತ ಹೆಸರಿಟ್ಟರು.

ಪಾರ್ಟ್ಸ್ ಹುಡುಕುವಾಗ ಇದು ಕೆಲಸಕ್ಕೆ ಬರುತ್ತದೆ. ಅಂಗಡಿಯಲ್ಲಿ ‘ಪ್ಲಿಮತ್’ ಅಂದರೆ ಕಂಪ್ಯೂಟರ್ ನೋಡಿ ಇಲ್ಲ ಅಂತಾರೆ. ನಾನು ಪಾರ್ಟಿನ ಮೇಲಿರುವ ಮಿತ್ಸುಬಿಷಿ ನಂಬರೇ ಕೊಡುತ್ತೇನೆ. ಎಂಡಿ ಅಂತ ಶುರುವಾದರೆ ಸಾಮಾನ್ಯವಾಗಿ ಎಂಜಿನ್ ಕಡೆಯದು, ಎಂಬಿ ಅಂದರೆ ಬಾಡಿ ಕಡೆಯದು. ವರ್ಷವನ್ನೂ ನೋಡಬೇಕು. 1992ರ ಮಾಡೆಲ್‌ನಲ್ಲಿ ಮೇಲೇಳುವ ಹೆಡ್‌ಲೈಟ್ ಹೋಗಿ ಮಾಮೂಲಿ ಲೈಟ್ ಬಂತು. ನನ್ನದು 1990ರ ಆರ್‌ಎಸ್ ಟರ್ಬೊ, 190 ಅಶ್ವಶಕ್ತಿ. ಅದಕ್ಕೆ ಆಮೇಲಿನ ಕಾರಿನ ಮುಂಭಾಗ ಹಾಗೇ ಕೂರುವುದಿಲ್ಲ.

ಎಂಜಿನ್ 4ಜಿ63, ಎರಡು ಲೀಟರ್. ಮುಂದೆ ಮಿತ್ಸುಬಿಷಿಯ ವೇಗದ ಕಾರು ಲ್ಯಾನ್ಸರ್ ಎವಲ್ಯೂಶನ್‌ನಲ್ಲಿ ಹೆಸರು ಮಾಡಿದ್ದೂ ಇದೇ ಮನೆತನದ ಎಂಜಿನ್ನು. ಗಟ್ಟಿ, ಆದರೆ ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವುಗಳ ಓಟವನ್ನು ಹೊಂದಿಸಿ ಇಡುವ ಬೆಲ್ಟ್) ವಿಷಯದಲ್ಲಿ ದಯೆ ಇಲ್ಲ. ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ. ಹಳೇ ಕಾರು ಕೊಂಡರೆ, ಮಾರುವವರು ಏನೇ ಹೇಳಲಿ, ಮೊದಲು ಬೆಲ್ಟ್ ಬದಲಿಸಿ ಅಂತ ನಾನು ಹೇಳುವುದು ಅದಕ್ಕೇ.

ಬೆಲ್ಟ್ ಹಾಕುವಾಗ ಒಂದು ಸೂಕ್ಷ್ಮ ಇದೆ. ಆಯಿಲ್ ಪಂಪ್ ಚಕ್ರದ ಗುರುತು ಸರಿಯಾಗಿ ಕೂತಂತೆ ಕಂಡರೂ ಒಳಗಿನ ಬ್ಯಾಲೆನ್ಸ್ ಶಾಫ್ಟ್ (ಎಂಜಿನ್ ನಡುಕ ತಗ್ಗಿಸುವ ದಂಡ) ಅರ್ಧ ಸುತ್ತು ಆಚೀಚೆ ಇರಬಹುದು. ಹಾಗಾದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಗಡಗಡ ನಡುಗುತ್ತದೆ. ಇದನ್ನು ತಿಳಿಯಲು ಬ್ಲಾಕಿನ ಪಕ್ಕದಲ್ಲಿ ಒಂದು ಪ್ಲಗ್ ಇದೆ. ಅದನ್ನು ಬಿಚ್ಚಿ 8 ಮಿಲಿಮೀಟರ್ ದಪ್ಪದ ಸ್ಕ್ರೂಡ್ರೈವರ್ ತೂರಿಸಿ. 60 ಮಿಲಿಮೀಟರಿಗಿಂತ ಒಳಗೆ ಹೋದರೆ ಸರಿ. 20–25ಕ್ಕೇ ತಡೆದರೆ ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ನಾನು ಬೆಲ್ಟ್ ಬಿಗಿ ಮಾಡುವ ತನಕ ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟಿರುತ್ತೇನೆ, ಶಾಫ್ಟ್ ಅಲುಗುವುದಿಲ್ಲ.

ಐಡಲ್‌ನಲ್ಲಿ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ) ಸುಮ್ಮಸುಮ್ಮನೆ ಏರಿಳಿತ ಬಂದರೆ ಡ್ಯಾಶ್‌ಬೋರ್ಡಿನ ನಡುವೆ, ರೇಡಿಯೊ ಕೆಳಗೆ ಕೂತಿರುವ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೆಗೆದು ಮೂಸಿ ನೋಡಿ. ತಮಾಷೆಯಲ್ಲ! ವಯಸ್ಸಾದ ಕೆಪಾಸಿಟರ್ ಸೋರಿದರೆ ಮೀನಿನ ವಾಸನೆ ಬರುತ್ತದೆ. ಆ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಬೇಗ ಕಂಡರೆ ಕೆಪಾಸಿಟರ್ ಬದಲಿಸಿ, ಬೋರ್ಡ್ ಒರೆಸಿದರೆ ಸಾಕು.

ಇಷ್ಟು ಒಳ್ಳೇ ಕಾರು ಯಾಕೆ ನಿಂತಿತು? ಒಂದೇ ಕಾರನ್ನು ಮೂರು ಶೋರೂಮಲ್ಲಿ ಇಟ್ಟರೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುತ್ತಾರೆ. ಎಕ್ಲಿಪ್ಸ್, ಟ್ಯಾಲನ್‌ಗಳಿಗೆ ಮೊದಲಿನಿಂದಲೂ ನಾಲ್ಕೂ ಚಕ್ರ ಎಳೆಯುವ ಟರ್ಬೊ ಮಾಡೆಲ್ ಇತ್ತು. ಲೇಸರ್‌ಗೆ ಅದು ಸಿಕ್ಕಿದ್ದು 1992ರಲ್ಲಿ. ಸಂಸಾರಸ್ಥರ ಕಾರು ಮಾರುವ ಪ್ಲಿಮತ್ ಶೋರೂಮಿಗೆ ಸ್ಪೋರ್ಟ್ಸ್ ಕಾರು ಹುಡುಕಿಕೊಂಡು ಯಾರು ಹೋಗುತ್ತಾರೆ? ಅಷ್ಟರಲ್ಲಿ ಕ್ರೈಸ್ಲರ್ ಕಾರ್ಖಾನೆಯ ಪಾಲನ್ನೂ ಮಿತ್ಸುಬಿಷಿಗೆ ಮಾರಿತ್ತು. 1995ಕ್ಕೆ ಹೊಸ ರೂಪದಲ್ಲಿ ಬಂದವು ಎಕ್ಲಿಪ್ಸ್, ಟ್ಯಾಲನ್ ಮಾತ್ರ.

ಲೇಸರ್‌ಗೆ ಅಂತಲೇ ಮಾಡಿದ ಬಂಪರ್, ಹಿಂದಿನ ಲೈಟುಗಳು ಸಿಗುವುದು ಈಗ ಬಹಳ ಕಷ್ಟ. ಗುಜರಿಯಲ್ಲಿ ಕಂಡರೆ ಬೇಕೋ ಬೇಡವೋ ಅಂತ ಯೋಚಿಸದೆ ತೆಗೆದಿಡುತ್ತೇನೆ.