ಬಿಳಿ ಬೆಕ್ಕಿಗೆ ಮುರಕಲ್ಲಿನ ಕೆಂಪು ಹತ್ತಿದರೆ

ಕಾಸರಗೋಡಿನ ಬದಿಯಡ್ಕದ ಕಡೆ ಬಿಳಿ ಬೆಕ್ಕು ಸಾಕಿದವರಿಗೆ ಗೊತ್ತು, ಮಳೆಗಾಲ ಬಂತೆಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಮಣ್ಣು ಹತ್ತಿ ಅದು ಕಾವಿ ಬೆಕ್ಕೇ. ಒದ್ದೆ ಕೆಸರನ್ನು ಒರೆಸಬೇಡಿ, ಕೂದಲಿನ ಬುಡಕ್ಕೇ ಇಳಿಯುತ್ತದೆ. ಒಣಗಲಿ ಬಿಡಿ. ಆಮೇಲೆ ಹಳೆ ಮೆತ್ತನೆ ಟೂತ್‌ಬ್ರಶ್‌ನಿಂದ ಕೂದಲು ಮಲಗಿದ ದಿಕ್ಕಿಗೆ ತಿಕ್ಕಿದರೆ ಪುಡಿಪುಡಿಯಾಗಿ ಉದುರುತ್ತದೆ. ನಮ್ಮದು ತಿಕ್ಕಿದ ಮರುಗಳಿಗೆಯೇ ಹೋಗಿ ಅಂಗಳದಲ್ಲಿ ಹೊರಳುತ್ತದೆ, ಏನು ಮಾಡೋಣ!

ಬಾಲದ ಬುಡದಲ್ಲಿ ಹಳದಿ ಜಿಡ್ಡಿದ್ದರೆ ಚಿಟಿಕೆ ಕಾರ್ನ್‌ಫ್ಲೋರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬಾಚಿ. ಕಣ್ಣಿನ ಮೂಲೆಯ ಕಂದು ಕಲೆಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿ ಸಾಕು. ಎರಡು ಕಣ್ಣಿಗೆ ಬೇರೆ ಬೇರೆ ತುಂಡು.

ನಮ್ಮ ಶಾಂಪೂ, ಬ್ಲೀಚ್ ಬೇಡವೇ ಬೇಡ. ಬೆಕ್ಕು ಮೈಯೆಲ್ಲ ನೆಕ್ಕುತ್ತದೆ ಅಲ್ವಾ? ಫಿನಾಯಿಲ್ ಹಾಕಿ ಒರೆಸಿದ ಒದ್ದೆ ನೆಲಕ್ಕೂ ಬಿಡಬೇಡಿ. ಪಾದ ನೆಕ್ಕಿದರೆ ಅದು ಬೆಕ್ಕಿಗೆ ವಿಷ.