ಮಾಳಿಗೆ ಮೇಲೆ ಒಬ್ಬನೇ ನಟ, ಎಡಿಟಿಂಗಲ್ಲಿ ನಾನು ಮಾಡಿದ್ದು

2019ರ ಆಗಸ್ಟಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೂರೇ ಮುಳುಗಿದ್ವಲ್ಲ, ಅದನ್ನ ಇಟ್ಕೊಂಡು ಗೆಳೆಯನೊಬ್ಬ ಕಿರುಚಿತ್ರ ಮಾಡ್ದ, ಎಡಿಟಿಂಗ್ ನಂದು. ಮಾಳಿಗೆ ಮೇಲೆ ಸಿಕ್ಕಾಕ್ಕೊಂಡ ರೈತ, ಸುತ್ತ ನೀರು, ಬೋಟ್ ಬರೋವರೆಗೂ ಫ್ರೇಮಲ್ಲಿ ಅವನೊಬ್ಬನೇ. ಆ ಪಾತ್ರ ಮಾಡಿದವರು ಧಾರವಾಡದ ಒಬ್ಬ ರಂಗಭೂಮಿ ನಟರು.

ಇಂಥ ಸಿನಿಮಾದಲ್ಲಿ ನಟ ಅಳೋದು, ಕಿರುಚೋದು ಎಷ್ಟೇ ಚೆನ್ನಾಗಿ ಮಾಡಿದ್ರೂ ಎರಡನೇ ಸಲಕ್ಕೆ ನೋಡೋರಿಗೆ ಸಾಕಾಗತ್ತೆ, ಅದೇ ಅವನು ಏನಾದ್ರೂ ಕೆಲಸ ಮಾಡ್ತಿದ್ರೆ ಕಣ್ಣು ಕೀಳಲ್ಲ. ಹಾಗಾಗಿ ಅಳೋ ಶಾಟ್ ಒಂದೇ ಒಂದು ಉಳಿಸ್ಕೊಂಡು ಮಿಕ್ಕ ಕಡೆಯೆಲ್ಲ ಅವನ ಕೈ ಕೆಲಸದ ಶಾಟ್‌ಗಳನ್ನೇ ಜೋಡಿಸ್ತಾ ಹೋದೆ, ಒದ್ದೆ ಬೀಡಿ ಬಿಸಿಲಿಗೆ ಹರವೋದು, ಧೋತ್ರ ಹಿಂಡಿ ಕೋಲಿಗೆ ಕಟ್ಟಿ ಬೀಸೋದು, ಹಗ್ಗಕ್ಕೆ ಚೊಂಬು ಕಟ್ಟಿ ಬೆಳಕಿಂಡಿಯಿಂದ ಇಳಿಬಿಟ್ಟು ಮನೆಯೊಳಗೆ ನೀರು ಎಷ್ಟು ಏರಿದೆ ಅಂತ ನೋಡೋದು. ಆ ಚೊಂಬಿನ ಐಡಿಯಾ ನಟರದ್ದೇ, ಸ್ಕ್ರಿಪ್ಟಲ್ಲಿ ಇರ್ಲಿಲ್ಲ, ಪ್ರತಿ ಸಲ ಹಗ್ಗ ಇನ್ನೂ ಗಿಡ್ಡಕ್ಕೇ ಸಾಕಾಗತ್ತೆ, ಒಂದು ಡೈಲಾಗೂ ಬೇಕಾಗ್ಲಿಲ್ಲ.

ಸಂಗೀತ ಪೂರ್ತಿ ಬಿಟ್ಟೆ. 2000ದಲ್ಲಿ ಬಂದ ಇಂಗ್ಲಿಷ್ ಸಿನಿಮಾ ಕಾಸ್ಟ್ ಅವೇ ನೋಡಿ, ದ್ವೀಪದಲ್ಲಿ ಒಬ್ಬನೇ ಸಿಕ್ಕಾಕ್ಕೊಂಡವನ ಕತೆ, ನಟ ಟಾಮ್ ಹ್ಯಾಂಕ್ಸ್ ದ್ವೀಪದಲ್ಲಿರೋವಷ್ಟು ಹೊತ್ತೂ ಹಿನ್ನೆಲೆ ಸಂಗೀತನೇ ಇಲ್ಲ, ತೆಪ್ಪದಲ್ಲಿ ಅಲೆ ದಾಟಿ ಆಚೆ ಬಂದಮೇಲೇ ಅಲನ್ ಸಿಲ್ವೆಸ್ಟ್ರಿ ಮ್ಯೂಸಿಕ್ ಶುರುವಾಗೋದು. ಹ್ಯಾಂಕ್ಸ್ ತೂಕ ಇಳಿಸಿ ಗಡ್ಡ ಬಿಡ್ಲಿ ಅಂತ ಶೂಟಿಂಗನ್ನೇ ಸುಮಾರು ಒಂದು ವರ್ಷ ನಿಲ್ಲಿಸಿದ್ರು, ನಮಗೆಲ್ಲಿ ಆ ಭಾಗ್ಯ! ಅದಕ್ಕೇ ಕತೆ ಇರೋ ಆರ್ಡರಲ್ಲೇ ಶೂಟ್ ಮಾಡಿ ಅಂತ ಮೊದಲೇ ಪಟ್ಟು ಹಿಡಿದಿದ್ದೆ, ಗಡ್ಡ, ಒಡೆದ ತುಟಿ, ಕಟ್ಟಿದ ಗಂಟಲು ಎಲ್ಲ ತಾನಾಗೇ ಮ್ಯಾಚ್ ಆಯ್ತು. ಉಸಿರು ಮಾತ್ರ ಸ್ಟುಡಿಯೋದಲ್ಲಿ ಬೇರೆ ರೆಕಾರ್ಡ್ ಮಾಡಿಸ್ದೆ, ಮೆಟ್ಟಿಲು ಓಡಿಸಿ ತಕ್ಷಣ ಮೈಕ್ ಮುಂದೆ ನಿಲ್ಲಿಸಿ, ಪಾಪ ಬೈಕೊಂಡೇ ಓಡಿದ್ರು.

ಜಗಳ ಆಗಿದ್ದು ಡ್ರೋನ್ ಶಾಟಿಗೆ. ನೋಡೋಕೆ ಭಾರಿ ಚಂದ, ಆದ್ರೆ ಮೇಲಿಂದ ತೋರಿಸಿದ್ರೆ ನೀರು ಎಲ್ಲಿಗೆ ಮುಗಿಯತ್ತೆ, ರಸ್ತೆ ಎಷ್ಟು ದೂರ ಅಂತ ನೋಡೋರಿಗೆ ಗೊತ್ತಾಗಿಬಿಡತ್ತೆ, ಮಾಳಿಗೆ ಮೇಲಿರೋನಿಗೆ ಗೊತ್ತಿಲ್ಲ. ಅವನಿಗೆ ಕಾಣದ್ದು ನಮಗೂ ಕಾಣಬಾರ್ದು ಅಂತ ತೆಗೆದೆ. ಡೈರೆಕ್ಟರಿಗೆ ಡ್ರೋನ್ ಬಾಡಿಗೆ ಕೊಟ್ಟ ಸಂಕಟ, ಕೊನೆಗೆ ಟ್ರೇಲರಲ್ಲಿ ಹಾಕ್ಕೊಟ್ಟು ಸಮಾಧಾನ ಮಾಡ್ದೆ.