ಇಬ್ಬರು ಸೇರಿ ಅಂಗಡಿ ತೆರೆಯುವ ಮುನ್ನ

ಇಬ್ಬರು ಸ್ನೇಹಿತರು ಸೇರಿ ಬೇಕರಿ ಹಾಕುತ್ತಾರೆ ಎನ್ನಿ. ಒಬ್ಬರದು 8 ಲಕ್ಷ ರೂಪಾಯಿ. ಇನ್ನೊಬ್ಬರದು 2 ಲಕ್ಷ, ಜೊತೆಗೆ ಬೆಳಗಿನ ನಾಲ್ಕಕ್ಕೇ ಎದ್ದು ಒಲೆಯ ಮುಂದೆ ನಿಲ್ಲುವ ದುಡಿಮೆ. ಜಿಎಸ್‌ಟಿ ನಂಬರ್, ಆಹಾರ ಲೈಸೆನ್ಸ್, ಟ್ರೇಡ್ ಲೈಸೆನ್ಸ್ ಎಲ್ಲ ಆಗುತ್ತದೆ. ಲಾಭದಲ್ಲಿ ಯಾರಿಗೆಷ್ಟು ಎಂಬುದು ಮಾತ್ರ ಬಾಯಿಮಾತಿನಲ್ಲೇ ಉಳಿಯುತ್ತದೆ.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಜಗಳದ ದಿನ ಅದನ್ನು ಸಾಬೀತು ಮಾಡಲಾಗದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಬಂದು ಕೂರುತ್ತದೆ. ಅದರ ಲೆಕ್ಕ ಸರಳ: ಲಾಭವೂ ಸಮಪಾಲು, ನಷ್ಟವೂ ಸಮಪಾಲು. 3 ಲಕ್ಷ ನಷ್ಟವಾದರೆ 2 ಲಕ್ಷ ಹಾಕಿದವರ ತಲೆಗೂ ಒಂದೂವರೆ ಲಕ್ಷ. ಒಲೆಯ ಮುಂದೆ ನಿಂತವರಿಗೆ ಸಂಬಳವಿಲ್ಲ. 8 ಲಕ್ಷ ಹಾಕಿದವರಿಗೆ ಬಂಡವಾಳದ ಮೇಲೆ ಬಡ್ಡಿಯಿಲ್ಲ. ಬಂಡವಾಳ ಮೀರಿ ಕೊಟ್ಟ ಮುಂಗಡಕ್ಕೆ ಮಾತ್ರ ವರ್ಷಕ್ಕೆ ಶೇ 6. ಇಬ್ಬರಿಗೂ ಅನ್ಯಾಯ ಎನಿಸುವ ಲೆಕ್ಕವಿದು.

ಹೆಜ್ಜೆ 1: ಸಾಲ ನೋಡಿ ಸ್ವರೂಪ ಆರಿಸಿ

ತೆರಿಗೆ ಎಷ್ಟು ಉಳಿಯುತ್ತದೆ ಎಂಬುದರಿಂದ ಶುರು ಮಾಡಬೇಡಿ. ವ್ಯಾಪಾರ ಮುಳುಗಿದರೆ ಎಷ್ಟು ಸಾಲ ಉಳಿಯಬಹುದು ಎಂದು ಮೊದಲು ಕೇಳಿಕೊಳ್ಳಿ. ಪಾಲುದಾರಿಕೆ ಫರ್ಮ್‌ನಲ್ಲಿ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ಹೊಣೆ. ಮೈದಾ ಕೊಟ್ಟ ವ್ಯಾಪಾರಿ ಇಬ್ಬರಲ್ಲಿ ಆಸ್ತಿಯಿದ್ದವರೊಬ್ಬರಿಂದಲೇ ಪೂರ್ತಿ ಬಾಕಿ ವಸೂಲು ಮಾಡಬಹುದು. ಮನೆ, ಸೈಟೂ ಅದರಲ್ಲಿ ಬಂತು.

ಎಲ್‌ಎಲ್‌ಪಿಯಲ್ಲಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ, ಹೊಣೆಯು ಹಾಕಿದ ಬಂಡವಾಳಕ್ಕೆ ಸೀಮಿತ. ಪ್ರತಿಯಾಗಿ, ಒಂದು ಬನ್ನೂ ಮಾರದ ವರ್ಷದಲ್ಲೂ ಮೇ 30ರೊಳಗೆ ವಾರ್ಷಿಕ ವಿವರದ ಫಾರಂ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ಫಾರಂ 8 ಸಲ್ಲಿಸಬೇಕು, ಮರೆತರೆ ದಂಡ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ವಹಿವಾಟು ಎಷ್ಟೇ ಇರಲಿ, ಪ್ರತಿವರ್ಷ ಆಡಿಟ್ ಕಡ್ಡಾಯ. ಅಲ್ಲಿ ಷೇರು ಹೆಚ್ಚಿದ್ದವರ ಮಾತೇ ನಡೆಯುತ್ತದೆ: ಶೇ 51 ಇದ್ದವರು ನಿರ್ದೇಶಕರನ್ನು ನೇಮಿಸುತ್ತಾರೆ, ಶೇ 49 ಇದ್ದವರು ನೋಡುತ್ತಾ ಕೂರಬೇಕಾಗಬಹುದು. ಹೊರಗಿನ ಹೂಡಿಕೆ ತರುವ ಯೋಚನೆಯಿಲ್ಲದ ಬೇಕರಿಗೆ ಕಂಪನಿ ಹೆಚ್ಚಿನ ಭಾರ. ಸೀಮಿತ ಹೊಣೆ ಎಂದು ಮೈಮರೆಯುವಂತೆಯೂ ಇಲ್ಲ. ಬ್ಯಾಂಕು ಸಾಲ ಕೊಡುವಾಗ ವೈಯಕ್ತಿಕ ಗ್ಯಾರಂಟಿಗೆ ಸಹಿ ಹಾಕಿಸಿಕೊಂಡರೆ ಆ ಸಾಲದ ಮಟ್ಟಿಗೆ ರಕ್ಷಣೆ ಹೋಯಿತು.

ಹೆಜ್ಜೆ 2: ಡೀಡ್‌ನಲ್ಲಿ ಹಣ, ಸಹಿ, ಹೊರದಾರಿ

ಡೀಡ್ ಎಂದರೆ ಪಾಲುದಾರಿಕೆಯ ಲಿಖಿತ ಕರಾರು. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ ಹೆಸರು ಬದಲಿಸಿದರೆ ಸಾಲದು. ಲಾಭದ ಪಾಲು, ನಷ್ಟದ ಪಾಲು ಬೇರೆಬೇರೆಯಾಗಿ ಬರಲಿ. ದುಡಿಯುವವರ ಸಂಬಳ, ಬಂಡವಾಳದ ಬಡ್ಡಿಯನ್ನು ಅಂಕಿಯಲ್ಲೇ ಬರೆಯಿರಿ. ಡೀಡ್‌ನಲ್ಲಿ ಇಲ್ಲದಿದ್ದರೆ ಆದಾಯ ತೆರಿಗೆಯಲ್ಲೂ ಅವು ಖರ್ಚಾಗಿ ಸಿಗುವುದಿಲ್ಲ. ಎಷ್ಟು ಮೊತ್ತ ಮೀರಿದ ಚೆಕ್ಕಿಗೆ ಇಬ್ಬರ ಸಹಿ ಬೇಕು ಎಂಬುದೂ ಇರಲಿ.

ಹೆಚ್ಚು ಜಗಳ ಹುಟ್ಟುವುದು ಬಿಟ್ಟುಹೋಗುವಾಗ. ಅಂಗಡಿಯ ಹೆಸರು ಯಾರಿಗೆ, ಬಾಡಿಗೆ ಕರಾರು ಯಾರ ಹೆಸರಿಗೆ, ಓವನ್ನು ಯಾವ ಬೆಲೆಗೆ, ಗುಡ್‌ವಿಲ್ (ಅಂಗಡಿ ಗಳಿಸಿದ ಹೆಸರಿನ ಬೆಲೆ) ಕಟ್ಟುವವರು ಯಾರು, ಹಣ ಎಷ್ಟು ಕಂತಿನಲ್ಲಿ? ಒಬ್ಬರು ತೀರಿಕೊಂಡರೆ ಫರ್ಮ್ ಮುಂದುವರಿಯುತ್ತದೆ ಎಂದು ಬರೆದಿದ್ದರೂ, ಇಬ್ಬರೇ ಪಾಲುದಾರರಿದ್ದಲ್ಲಿ ಅದು ನಡೆಯದು. ಉಳಿದವರೊಬ್ಬರೇ ಆದಮೇಲೆ ಪಾಲುದಾರಿಕೆ ಎಲ್ಲಿಂದ? ಆಗ ವಾರಸುದಾರರಿಗೆ ಲೆಕ್ಕ ಚುಕ್ತಾ ಮಾಡುವ ಬಗೆಯನ್ನಾದರೂ ಬರೆದಿಡಿ.

ಆರ್ಬಿಟ್ರೇಶನ್ (ಕೋರ್ಟಿನ ಬದಲು ಖಾಸಗಿ ತೀರ್ಪುಗಾರರಿಂದ ತೀರ್ಮಾನ) ಷರತ್ತು ಹಾಕುವುದಾದರೆ ಆರ್ಬಿಟ್ರೇಟರನ್ನು ಒಬ್ಬ ಪಾಲುದಾರರೇ ನೇಮಿಸುತ್ತಾರೆ ಎಂದು ಬರೆಯಬೇಡಿ. ಜಗಳದ ಫಲದಲ್ಲಿ ಲಾಭವಿರುವವರು ತಾವೇ ಏಕೈಕ ತೀರ್ಪುಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಇಬ್ಬರೂ ಒಪ್ಪಿ ನೇಮಿಸುವುದು, ಸ್ಥಳ ಯಾವ ಊರು ಎಂಬುದು ಇದ್ದರೆ ಸಾಕು. ಸರಿಯಾದ ಮೊತ್ತದ ಇ-ಸ್ಟ್ಯಾಂಪ್ ಮೇಲೆ ಬರೆಸಿ. ಕಡಿಮೆ ಸ್ಟ್ಯಾಂಪಿನ ಡೀಡ್, ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟುವವರೆಗೆ ಸಾಕ್ಷ್ಯಕ್ಕೆ ಬಾರದು.

ಹೆಜ್ಜೆ 3: ಫರ್ಮ್ ರಿಜಿಸ್ಟರ್ ಮಾಡಿಸಿ

ಜಿಎಸ್‌ಟಿ ನಂಬರ್ ಇದ್ದರೆ ಫರ್ಮ್ ರಿಜಿಸ್ಟರ್ ಆದಂತೆ ಎಂಬ ತಪ್ಪು ತಿಳಿವಳಿಕೆ ವ್ಯಾಪಾರಿಗಳಲ್ಲಿ ಬಹಳ. ಎರಡಕ್ಕೂ ಸಂಬಂಧವಿಲ್ಲ. ಕರ್ನಾಟಕದಲ್ಲಿ ಫರ್ಮ್ ನೋಂದಣಿ ನಡೆಯುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯಲ್ಲಿ. ಅರ್ಜಿಯಲ್ಲಿ ಫರ್ಮ್ ಹೆಸರು, ಮುಖ್ಯ ಸ್ಥಳ, ಇತರ ಶಾಖೆಗಳು, ಪ್ರತಿ ಪಾಲುದಾರರ ಪೂರ್ಣ ಹೆಸರು, ಕಾಯಂ ವಿಳಾಸ, ಸೇರಿದ ದಿನಾಂಕ ಮತ್ತು ಫರ್ಮಿನ ಅವಧಿ ಇರಬೇಕು. ಎಲ್ಲ ಪಾಲುದಾರರ ಸಹಿ ಬೇಕು.

ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ಮಾಡಿಸದವರಿಗೆ ಮಾತ್ರ 69ನೇ ಸೆಕ್ಷನ್‌ನ ಬಲೆ ಕಾದಿರುತ್ತದೆ. ನೋಂದಣಿಯಿಲ್ಲದ ಫರ್ಮ್ ಒಪ್ಪಂದದ ಬಾಕಿಗಾಗಿ ಗಿರಾಕಿಯ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರರು ಒಪ್ಪಂದದ ಹಕ್ಕಿಗಾಗಿ ಒಬ್ಬರ ಮೇಲೊಬ್ಬರು ಹೂಡುವಂತೆಯೂ ಇಲ್ಲ. ಗಿರಾಕಿ ಮಾತ್ರ ನಿಮ್ಮ ಮೇಲೆ ಹೂಡಬಹುದು! ನೂರು ರೂಪಾಯಿ ಮೀರದ ಕೆಲವು ಸಣ್ಣ ಕ್ಲೇಮುಗಳಿಗೆ ವಿನಾಯಿತಿಯಿದೆ. 1932ರಲ್ಲಿ ಅದು ದೊಡ್ಡ ಮೊತ್ತವೇ ಇದ್ದೀತು. ದಾವೆ ಹೂಡಿದ ಮೇಲೆ ಓಡಿಹೋಗಿ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ, ಹೊಸದಾಗಿ ಹೂಡಬೇಕು, ಅಷ್ಟರಲ್ಲಿ ಮೂರು ವರ್ಷದ ಕಾಲಮಿತಿ ಮುಗಿದಿರಬಹುದು. ನಡುವೆ ಸೇರಿದ ಪಾಲುದಾರರ ಹೆಸರನ್ನೂ ರಿಜಿಸ್ಟರಿಗೆ ಏರಿಸಿ. ಅಲ್ಲಿ ಹೆಸರಿಲ್ಲದವರಿಗೂ ಇದೇ ಗತಿ. ಫರ್ಮ್ ವಿಸರ್ಜನೆ, ವಿಸರ್ಜಿತ ಫರ್ಮಿನ ಲೆಕ್ಕ ಕೇಳುವ ದಾವೆಗಳಿಗೆ ಈ ಅಡ್ಡಿಯಿಲ್ಲ.

ಹೆಜ್ಜೆ 4: ಜಗಳ ಬಂದೇಬಿಟ್ಟರೆ

ಕೀಲಿ ಕೈಯಲ್ಲಿರುವಾಗಲೇ ಖಾತೆ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್, ಸ್ಟಾಕ್ ಪಟ್ಟಿಗಳ ಪ್ರತಿ ತೆಗೆದಿಡಿ. ಇವಿಲ್ಲದೆ ವಕೀಲರ ಬಳಿ ಹೋದರೆ ಮೊದಲ ಆರು ತಿಂಗಳು ಇವನ್ನು ಕೇಳುವುದರಲ್ಲೇ ಕಳೆದೀತು.

ಡೀಡ್‌ನಲ್ಲಿ ಅವಧಿಯೂ ಇಲ್ಲ, ಮುಗಿಸುವ ಬಗೆಯೂ ಇಲ್ಲ ಎಂದಾದರೆ, ಎಲ್ಲ ಪಾಲುದಾರರಿಗೂ ಲಿಖಿತ ನೋಟಿಸ್ ಕೊಟ್ಟು ಒಬ್ಬರೇ ಫರ್ಮ್ ವಿಸರ್ಜಿಸಬಹುದು. ಅದರಲ್ಲಿ ದಿನಾಂಕ ಬರೆಯಿರಿ. ವಿಸರ್ಜಿತ ಫರ್ಮಿನ ಲೆಕ್ಕ ಮತ್ತು ಲಾಭದ ಪಾಲು ಕೇಳಲು ಅಲ್ಲಿಂದ ಮೂರೇ ವರ್ಷ.

ಆರ್ಬಿಟ್ರೇಶನ್ ಷರತ್ತಿದ್ದರೆ ಅದೇ ದಾರಿ. ಇಲ್ಲದಿದ್ದರೆ, 3 ಲಕ್ಷ ರೂಪಾಯಿ ಅಥವಾ ಹೆಚ್ಚಿನ ವಿವಾದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಡವಾದರೆ ಮೊದಲು ಮಧ್ಯಸ್ಥಿಕೆಗೆ (ರಾಜಿ ಮಾಡಿಸುವ ಮೀಡಿಯೇಶನ್) ಅರ್ಜಿ ಹಾಕಲೇಬೇಕು. ನೇರ ಹೂಡಿದ ದಾವೆ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ. ಸಮನ್ಸ್ ಬಂದವರು ಕೈಕಟ್ಟಿ ಕೂರಬಾರದು: 120 ದಿನ ಕಳೆದರೆ ಲಿಖಿತ ಉತ್ತರ ಕೊಡುವ ಹಕ್ಕೇ ಹೋಗುತ್ತದೆ.

ಕೊನೆಗೆ ರಾಜಿಯಾಗಿ ಒಬ್ಬರು ಹೊರಬಿದ್ದರೆ, ನೋಂದಾಯಿತ ಫರ್ಮ್ ಆದಲ್ಲಿ ಫರ್ಮುಗಳ ರಿಜಿಸ್ಟ್ರಾರ್‌ಗೆ ತಿಳಿಸಿ, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಅದು ಆಗುವವರೆಗೂ ನೀವು ಪಾಲುದಾರರೆಂದು ಬಲ್ಲ ವ್ಯಾಪಾರಿ ಹೊಸದಾಗಿ ಕೊಟ್ಟ ಮೈದಾ ಸಾಲಕ್ಕೂ ನೀವೇ ಹೊಣೆ.